ಎಂಟನೆಯ ದಿನ ಅಲ್ಲಿ ಯಾರಿರುತ್ತಾರೆ?



ಅಮೆರಿಕದಲ್ಲಿ ಜೂನ್ ಬಂತೆಂದರೆ ಶಾಲೆಗಳಿಗೆ ಬೇಸಿಗೆ ರಜೆ. ಆಗ ಅಲ್ಲಿನ ಅನೇಕ ಚರ್ಚುಗಳು ತಮ್ಮ ಹದಿಹರೆಯದ ಮಕ್ಕಳನ್ನು ವ್ಯಾನುಗಳಲ್ಲಿ ಕೂರಿಸಿಕೊಂಡು ದೊಡ್ಡ ನಗರಗಳ ಬಡವರ ಕೇರಿಗಳಿಗೆ ಹೊರಡುತ್ತವೆ. ಇದನ್ನು ಅವರು ‘ಮಿಷನ್ ಟ್ರಿಪ್’ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ವಾರದ ಪಯಣ. ಖರ್ಚಿಗಾಗಿ ಮಕ್ಕಳೇ ಕಾರು ತೊಳೆದು, ಮನೆಯಲ್ಲಿ ಮಾಡಿದ ತಿಂಡಿ ಮಾರಿ ಹಣ ಕೂಡಿಸುತ್ತಾರೆ. ಹೋದಲ್ಲಿ ಯಾವುದೋ ಚರ್ಚಿನ ನೆಲದ ಮೇಲೆ ಮಲಗುತ್ತಾರೆ. ಹಗಲು ಹಸಿದವರಿಗೆ ಊಟ ಬಡಿಸುತ್ತಾರೆ, ದಿನಸಿ ಚೀಲ ಕಟ್ಟುತ್ತಾರೆ, ಗೋಡೆಗೆ ಬಣ್ಣ ಬಳಿಯುತ್ತಾರೆ, ಕೇರಿಯ ಮಕ್ಕಳೊಡನೆ ಆಡುತ್ತಾರೆ. ರಾತ್ರಿ ಪ್ರಾರ್ಥನೆ ಮಾಡಿ, ಆ ದಿನ ಕಂಡದ್ದನ್ನು ಹಂಚಿಕೊಳ್ಳುತ್ತಾರೆ.

‘ಮಿಷನ್’ ಎಂದ ಕೂಡಲೇ ನಮ್ಮಲ್ಲಿ ಮತಾಂತರದ ಮಾತು ಏಳುತ್ತದೆ. ಈ ಪಯಣಗಳಲ್ಲಿ ಬೈಬಲ್ ಬೋಧನೆ ಇದ್ದೇ ಇರುತ್ತದೆ. ಆದರೆ ಆ ಕೇರಿಗಳಲ್ಲಿ ಅನೇಕರು ಮೊದಲೇ ಕ್ರೈಸ್ತರು, ಅಲ್ಲಿ ಅವರವೇ ಚರ್ಚುಗಳಿವೆ. ಹಾಗಾಗಿ ಆ ಚರ್ಚೆಯನ್ನು ಇಲ್ಲಿ ಬದಿಗಿಟ್ಟು, ಸೇವೆಯ ಬಗ್ಗೆ ಮಾತ್ರ ಮಾತನಾಡುತ್ತೇನೆ. ಏಕೆಂದರೆ ಇದೇ ಮಾದರಿಯ ಶಿಬಿರಗಳು ನಮ್ಮ ಮಠಗಳಲ್ಲೂ ಕಾಲೇಜುಗಳಲ್ಲೂ ನಡೆಯುತ್ತಿವೆ.

ಮೊದಲು ಒಳ್ಳೆಯದನ್ನು ಹೇಳೋಣ. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತದಿಂದ ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇಕಡ 80 ಭಾಗ ನೀರಿನಲ್ಲಿ ಮುಳುಗಿತು. ನೀರು ಇಳಿದ ಮೇಲೆ ಮನೆಮನೆಯಲ್ಲೂ ಗೋಡೆಯ ಹಲಗೆಗಳು ಬೂಷ್ಟು ಹಿಡಿದಿದ್ದವು. ಅವನ್ನು ಕಿತ್ತು ಹೊರಹಾಕದೆ ಮನೆ ಮತ್ತೆ ಕಟ್ಟುವಂತಿರಲಿಲ್ಲ. ಆಗ ಬೇಕಾಗಿದ್ದದ್ದು ಕೈಗಳು. ದೇಶದ ಮೂಲೆಮೂಲೆಯಿಂದ ಚರ್ಚಿನ ಯುವಕ ಯುವತಿಯರು ವರ್ಷಗಳ ಕಾಲ ತಂಡತಂಡವಾಗಿ ಬಂದು ಆ ಕೊಳಕನ್ನು ಬಾಚಿ ಹಾಕಿದರು. ಮನೆಯವರೇ ಕೇಳಿದ್ದ ಕೆಲಸ ಅದು, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸ. ಅಂಥ ದುಡಿಮೆಯನ್ನು ಹಗುರವಾಗಿ ಕಾಣುವವನು ನಾನಲ್ಲ.

ಆದರೆ ಪ್ರವಾಹವಿಲ್ಲದ ವರ್ಷಗಳಲ್ಲೂ ವ್ಯಾನುಗಳು ಹೊರಡುತ್ತವೆ. ಆಗ ಬಂದವರಿಗಾಗಿ ಕೆಲಸ ಹುಡುಕಬೇಕಾಗುತ್ತದೆ. ಇದನ್ನು ಕಟುವಾಗಿ ಹೇಳಿದವರು ಅದೇ ಧರ್ಮದ ರಾಬರ್ಟ್ ಲಪ್ಟನ್. ಅಟ್ಲಾಂಟಾ ನಗರದ ಬಡವರ ಕೇರಿಯಲ್ಲಿ ಸಂಸಾರ ಸಮೇತ ನೆಲೆಸಿ, ದಶಕಗಳ ಕಾಲ ದುಡಿದವರು. 2011ರಲ್ಲಿ ಅವರು ‘ಟಾಕ್ಸಿಕ್ ಚಾರಿಟಿ’ ಎಂಬ ಪುಸ್ತಕ ಬರೆದರು. ಮೆಕ್ಸಿಕೋದ ಒಂದು ಚರ್ಚಿಗೆ ಒಂದೇ ಬೇಸಿಗೆಯಲ್ಲಿ ಆರು ತಂಡಗಳು ಆರು ಸಲ ಬಣ್ಣ ಬಳಿದ ಸಂಗತಿ ಅದರಲ್ಲಿದೆ.

ಅವರು ಹೇಳುವ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ಕ್ರಿಸ್ಮಸ್ ಹೊತ್ತಿಗೆ ಉಳ್ಳವರ ಕುಟುಂಬಗಳು ಬಡವರ ಮನೆಗೇ ಬಂದು ಮಕ್ಕಳಿಗೆ ಆಟಿಕೆ ಕೊಡುತ್ತಿದ್ದವು. ಮಕ್ಕಳು ಕುಣಿಯುತ್ತಿದ್ದರು, ತಾಯಿ ಮುಗುಳ್ನಗುತ್ತಿದ್ದಳು, ತಂದೆ ಮಾತ್ರ ಹಿತ್ತಲ ಬಾಗಿಲಿನಿಂದ ಮೆಲ್ಲಗೆ ಹೊರಗೆ ಹೋಗಿಬಿಡುತ್ತಿದ್ದ. ತನ್ನ ಮಕ್ಕಳಿಗೆ ತಾನು ತಂದುಕೊಡಲಾರದ್ದನ್ನು ಬೇರೆಯವರು ತನ್ನ ಕಣ್ಣೆದುರೇ ಕೊಡುವುದನ್ನು ಅವನು ನಿಂತು ನೋಡಲಾರ. ಇದನ್ನು ಕಂಡ ಲಪ್ಟನ್ ಕ್ರಮವನ್ನೇ ಬದಲಿಸಿದರು. ದಾನಿಗಳು ಕೊಟ್ಟ ಆಟಿಕೆಗಳನ್ನು ಒಂದು ಅಂಗಡಿಯಲ್ಲಿಟ್ಟು ಅಲ್ಪ ಬೆಲೆ ಕಟ್ಟಿದರು. ಹಣವಿಲ್ಲದವರು ಆ ಅಂಗಡಿಯಲ್ಲೇ ದುಡಿದು ಗಳಿಸಬಹುದಿತ್ತು. ತಂದೆ ತಾಯಂದಿರು ತಾವೇ ಆರಿಸಿ, ಕೊಂಡು, ಮನೆಗೆ ಒಯ್ದರು.

ಪುಕ್ಕಟೆ ಕೊಡುವುದನ್ನು ಬಿಟ್ಟು ಬೆಲೆ ಕಟ್ಟುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಅವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಲಿ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಒಪ್ಪಲಿಲ್ಲ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಬಡತನವಿತ್ತು, ಆದರೆ ಕಾಯಕದ ಹಿರಿಮೆಯೂ ಇತ್ತು. ಅಟ್ಲಾಂಟಾದ ಆ ತಂದೆ ಲಕ್ಕಮ್ಮನ ಹೆಸರು ಕೇಳಿರಲಾರ. ಆದರೆ ಇಬ್ಬರ ಒಡಲಲ್ಲಿದ್ದ ಅಭಿಮಾನ ಒಂದೇ.

ನಾನು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವನು. ಆ ಅನ್ನ ನನ್ನನ್ನು ಯಾವತ್ತೂ ಕುಗ್ಗಿಸಲಿಲ್ಲ. ಏಕೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇಂದು ಪಂಕ್ತಿಯಲ್ಲಿ ಕುಳಿತ ಹುಡುಗ ನಾಳೆ ಬಡಿಸುತ್ತಿದ್ದ. ನೀರು ಹೊರುವುದು, ಕಸ ಗುಡಿಸುವುದು, ಪಾತ್ರೆ ತೊಳೆಯುವುದು ಎಲ್ಲರ ಪಾಳಿ. ಹಳ್ಳಿಯಿಂದ ಒಂದು ಚೀಲ ಜೋಳ ತಂದುಕೊಟ್ಟ ರೈತನೂ ಅದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ. ಕೊಡುವವರು ಯಾರು, ಪಡೆಯುವವರು ಯಾರು ಎಂದು ಬೇರ್ಪಡಿಸಿ ತೋರಿಸುವಂತಿರಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ನನಗೆ ಅರ್ಥವಾದದ್ದು ಅಲ್ಲಿ.

ಈಗ ನಮ್ಮ ಶಿಬಿರಗಳ ಮಾತು. ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರ ಏಳು ದಿನಗಳದ್ದು. ಮಠಗಳ ಯುವಘಟಕಗಳೂ ಜಯಂತಿಯ ಹೊತ್ತಿಗೆ ಕೊಳೆಗೇರಿಗಳಿಗೆ ಹೋಗಿ ಹಣ್ಣು, ಕಂಬಳಿ, ನೋಟ್‌ಬುಕ್ ಹಂಚುತ್ತವೆ. ಬ್ಯಾನರ್ ಕಟ್ಟುತ್ತಾರೆ, ಪಡೆಯುವ ಅಜ್ಜಿಯನ್ನು ಕ್ಯಾಮೆರಾದ ಕಡೆ ತಿರುಗಿಸುತ್ತಾರೆ, ಮರುದಿನ ಪತ್ರಿಕೆಗೆ ಫೋಟೊ ಹೋಗುತ್ತದೆ. ನಮ್ಮ ಹುಡುಗರ ಮನಸ್ಸು ಒಳ್ಳೆಯದೇ. ಅಮೆರಿಕದ ಆ ಹುಡುಗರ ಮನಸ್ಸೂ ಒಳ್ಳೆಯದೇ. ಮನಸ್ಸು ಒಳ್ಳೆಯದಿದ್ದರೂ ಹಿತ್ತಲ ಬಾಗಿಲಿನಿಂದ ಹೊರಬಿದ್ದ ತಂದೆ ಹೊರಬಿದ್ದನಲ್ಲ!

ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಪಾದ್ರಿ 1968ರಲ್ಲಿ, ಮೆಕ್ಸಿಕೋಕ್ಕೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ನೇರವಾಗಿಯೇ ತರಾಟೆಗೆ ತೆಗೆದುಕೊಂಡರು. ನಿಮಗೆ ‘ಬೇಡ, ಹೋಗಿ’ ಎಂದು ಮುಖಕ್ಕೆ ಹೇಳಬಲ್ಲ ಬಡವರ ನಡುವೆ ಕೆಲಸ ಮಾಡಿ ಎಂಬುದು ಅವರ ಮಾತಿನ ತಿರುಳು. ನಮ್ಮ ಶಿಬಿರಕ್ಕೂ ಇದೇ ಒರೆಗಲ್ಲು. ನಾವು ಹೋದ ಕೇರಿಯವರು ನಮಗೆ ‘ಬೇಡ’ ಎನ್ನಬಲ್ಲರೇ? ಅಂದರೆ ಅದನ್ನು ನಾವು ಕೇಳಿಸಿಕೊಳ್ಳುತ್ತೇವೆಯೇ?

ಆದ್ದರಿಂದ ಯುವಘಟಕಗಳಿಗೆ ನನ್ನ ಬಿನ್ನಹ ಇಷ್ಟು. ಶಿಬಿರಕ್ಕೆ ಒಂದು ತಿಂಗಳ ಮೊದಲೇ ಕೇರಿಗೆ ಹೋಗಿ, ಅಲ್ಲಿನ ಹಿರಿಯರನ್ನೂ ಹೆಣ್ಣುಮಕ್ಕಳನ್ನೂ ಕೇಳಿ, ಏನು ಮಾಡಬೇಕೆಂದು ಅವರೇ ಗೊತ್ತುಮಾಡಲಿ. ಪ್ರತಿ ಕೆಲಸದಲ್ಲೂ ಅವರ ಕೈಯೂ ಇರಲಿ. ಊಟವಾದರೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಿ. ಕೊಡುವ ಹೊತ್ತಿನ ಫೋಟೊ ನಿಲ್ಲಲಿ. ಹತ್ತು ಕೇರಿಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಕೇರಿಗೆ ಹತ್ತು ಸಲ ಹೋಗಿ. ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡಲು, ವಿಧವಾ ವೇತನದ ಅರ್ಜಿ ಹಿಡಿದು ನಾಡಕಚೇರಿಗೆ ಜೊತೆಯಲ್ಲಿ ಹೋಗಲು ಬ್ಯಾನರ್ ಬೇಕಾಗಿಲ್ಲ.

ಏಳು ದಿನದ ಶಿಬಿರ ಹೋದವರ ಕಣ್ಣು ತೆರೆಸೀತು. ಅದೂ ಬೇಕು. ಆದರೆ ಎಂಟನೆಯ ದಿನ ಆ ಕೇರಿಗೆ ಯಾರು ಬರುತ್ತಾರೆ ಎಂಬುದನ್ನು ಹೆಸರು ಸಮೇತ ಬರೆದಿಟ್ಟ ಮೇಲೆಯೇ ಮೊದಲನೆಯ ದಿನ ಹೊರಡಿ.