ಆರತಿ ನೀರಿನಲ್ಲೊಂದು ರಸಾಯನ ಪಾಠ

ಮದುಮಕ್ಕಳು ಹೊಸ್ತಿಲು ದಾಟುವ ಮುನ್ನ ಎತ್ತುವ ಆರತಿಯ ತಟ್ಟೆಯಲ್ಲಿ ಕೆಂಪು ನೀರಿರುತ್ತದೆ. ಅದಕ್ಕೆ ಬೇಕಾದದ್ದು ಅರಿಸಿನ ಮತ್ತು ಎಲೆ ಅಡಿಕೆಯ ಸುಣ್ಣ, ಇಷ್ಟೆ. ಹಳದಿ ಅರಿಸಿನಕ್ಕೆ ಬಿಳಿಯ ಸುಣ್ಣ ಸೇರಿದೊಡನೆ ಕೆಂಪು ಬರುವುದು ಎಲ್ಲರೂ ಕಂಡದ್ದೇ. ಆದರೆ ಆ ನೀರಿಗೆ ನಿಂಬೆರಸವನ್ನು ಹನಿಹನಿಯಾಗಿ ಹಿಂಡಿ ನೋಡಿದವರು ಕಡಿಮೆ. ಮೊದಮೊದಲು ಹನಿ ಬಿದ್ದ ಜಾಗದಲ್ಲಿ ಮಾತ್ರ ಕೆಂಪು ಮಾಯವಾಗುತ್ತದೆ. ಕಲಕಿದರೆ ಮರಳಿ ಬರುತ್ತದೆ. ಒಂದು ಹಂತದಲ್ಲಿ ನೀರೆಲ್ಲ ಹಳದಿಗೆ ತಿರುಗಿ ಹಾಗೆಯೇ ಉಳಿದುಬಿಡುತ್ತದೆ.

ಇದರ ಗುಟ್ಟೇನು? ಸುಣ್ಣವೆಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗಿ, ಆಮ್ಲದಲ್ಲಿ ಹಳದಿಯಾಗಿ ಇರುತ್ತದೆ. ಅಂದರೆ ಅರಿಸಿನ ಇಲ್ಲಿ ಲಿಟ್ಮಸ್ ಕಾಗದದ ಕೆಲಸ ಮಾಡುತ್ತಿದೆ.

ಆಮ್ಲಗಳು ನೀರಿನಲ್ಲಿ ಹೈಡ್ರೋಜನ್ ಅಯಾನುಗಳನ್ನೂ ಕ್ಷಾರಗಳು ಹೈಡ್ರಾಕ್ಸಿಲ್ ಅಯಾನುಗಳನ್ನೂ ಬಿಡುತ್ತವೆ ಎಂದು ವಿವರಿಸಿದವನು ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್. ದ್ರಾವಣಗಳಲ್ಲಿ ಅಯಾನುಗಳು ಬೇರ್ಪಡುವ ಬಗೆಗಿನ ಸಿದ್ಧಾಂತಕ್ಕಾಗಿ 1903ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಈ ಎರಡು ಬಗೆಯ ಅಯಾನುಗಳು ಕೂಡಿದರೆ ಆಗುವುದು ಬರಿಯ ನೀರು. ಉಳಿದ ಭಾಗಗಳು ಸೇರಿ ಲವಣವಾಗುತ್ತದೆ. ಇದೇ ತಟಸ್ಥೀಕರಣ.

ಲೆಕ್ಕವೂ ಅಚ್ಚುಕಟ್ಟು. 36.5 ಗ್ರಾಂ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸರಿಯಾಗಿ 40 ಗ್ರಾಂ ಕಾಸ್ಟಿಕ್ ಸೋಡ ಬೇಕು. ಎರಡೂ ಮೈ ಸುಡುವಂಥವೇ. ಆದರೆ ಬೆರೆತ ಮೇಲೆ ದೊರೆಯುವುದು 58.5 ಗ್ರಾಂ ಅಡುಗೆ ಉಪ್ಪು, 18 ಗ್ರಾಂ ನೀರು! ಯಾವುದಾದರೂ ಒಂದು ತುಸು ಹೆಚ್ಚಾದರೂ ಮಿಶ್ರಣದಲ್ಲಿ ಅದರ ಗುಣವೇ ಉಳಿಯುತ್ತದೆ.

ಇಷ್ಟು ಕಲಿತ ಹುಡುಗನಿಗೆ ಒಂದು ಯೋಚನೆ ಹೊಳೆಯುವುದು ಸಹಜ. ಮೈಮೇಲೆ ಆಮ್ಲ ಬಿದ್ದರೆ ಕ್ಷಾರ ಸುರಿದರಾಯಿತು, ಕಣ್ಣಿಗೆ ಸುಣ್ಣ ಸಿಡಿದರೆ ನಿಂಬೆರಸ ಬಿಟ್ಟರಾಯಿತು ಎಂದು. ಪರೀಕ್ಷೆಯ ಉತ್ತರವಾಗಿ ಇದು ಸರಿಯೆನಿಸಬಹುದು. ಆದರೆ ಕಣ್ಣಿಗೇ ಕುತ್ತು.

ಕಾರಣ, ತಟಸ್ಥೀಕರಣದಲ್ಲಿ ಶಾಖ ಹೊರಬೀಳುತ್ತದೆ. ಮೇಲೆ ಹೇಳಿದ ಆಮ್ಲ, ಕ್ಷಾರಗಳನ್ನು ತಲಾ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ತಣಿಯಲು ಬಿಟ್ಟು ಬೆರೆಸಿದರೂ ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಷಿಯಸ್ ಏರುತ್ತದೆ. ದ್ರಾವಣ ಪ್ರಬಲವಾದಷ್ಟೂ ಏರಿಕೆ ಹೆಚ್ಚು. ಸುಟ್ಟ ಚರ್ಮವನ್ನು ಮತ್ತೆ ಸುಟ್ಟಂತೆ! ಅಲ್ಲದೆ ಕಣ್ಣಿಗೆ ಬಿದ್ದ ಸುಣ್ಣವೆಷ್ಟು, ಹಾಕಬೇಕಾದ ಆಮ್ಲವೆಷ್ಟು ಎಂದು ಅಳೆಯುವವರು ಯಾರು? ಹೆಚ್ಚಾದ ರಸ ತಾನೇ ಗಾಯ ಮಾಡುತ್ತದೆ.

ಸುಣ್ಣದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಆಮ್ಲ ತಗುಲಿದಾಗ ಸಾಮಾನ್ಯವಾಗಿ ಕಣ್ಣಿನ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ ತಡೆಯಾಗುತ್ತದೆ. ಕ್ಷಾರವಾದರೋ ಪದರಗಳನ್ನು ಕರಗಿಸುತ್ತಾ ಒಳಕ್ಕಿಳಿಯುತ್ತದೆ. ಸುಣ್ಣದ ಕಣಗಳು ರೆಪ್ಪೆಯಡಿ ಉಳಿದುಕೊಂಡರೆ ಸುಡುವುದು ನಿಲ್ಲುವುದೇ ಇಲ್ಲ. ಅಜ್ಜಿಯ ಎಲೆಯಡಿಕೆ ಚೀಲದ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿ ಆಡುವಾಗ ಅದು ಒಡೆದು ಕಣ್ಣಿಗೆ ಹಾರುವ ಅಪಘಾತಗಳು ನಮ್ಮ ದೇಶದ ನೇತ್ರವೈದ್ಯರಿಗೆ ಹೊಸತಲ್ಲ. ದೃಷ್ಟಿಯೇ ಹೋಗಬಹುದು.

ಹಾಗಾದರೆ ಮಾಡಬೇಕಾದದ್ದೇನು? ನೀರು, ಮತ್ತೆ ನೀರು. ಕಣ್ಣನ್ನು ಉಜ್ಜಬಾರದು. ಮಗುವಿನ ತಲೆಯನ್ನು ಗಾಯಗೊಂಡ ಕಣ್ಣಿನ ಕಡೆಗೆ ವಾಲಿಸಿ, ರೆಪ್ಪೆ ಅಗಲಿಸಿ, ಶುದ್ಧವಾದ ನೀರನ್ನು ಅರ್ಧ ಗಂಟೆಯಾದರೂ ಧಾರೆಯಾಗಿ ಬಿಡಬೇಕು. ನೀರು ಕ್ಷಾರವನ್ನು ತೆಳುಮಾಡಿ ಕೊಚ್ಚಿಕೊಂಡು ಹೋಗುತ್ತದೆ, ಶಾಖವನ್ನೂ ಒಯ್ಯುತ್ತದೆ. ಆನಂತರ ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಚರ್ಮದ ಮೇಲೆ ಆಮ್ಲ ಚೆಲ್ಲಿದಾಗಲೂ ಮೊದಲು ಸುರಿಯಬೇಕಾದದ್ದು ಧಾರಾಳವಾಗಿ ನೀರನ್ನೇ.

ನಿಂಬೆ ಸುಣ್ಣಗಳ ಪ್ರಯೋಗ ಆರತಿ ತಟ್ಟೆಯಲ್ಲೇ ಇರಲಿ. ಸುಣ್ಣದ ಡಬ್ಬಿ ಮಾತ್ರ ಮಕ್ಕಳ ಕೈಗೆಟುಕದ ಗೂಡಿನಲ್ಲಿರಲಿ.