ಇಪ್ಪತ್ತೈದೋ, ಐವತ್ತೆರಡೋ?

ಮಾಸ್ತರರು ‘ಇಪ್ಪತ್ತೈದು’ ಅನ್ನುತ್ತಾರೆ. ಎರಡನೇ ಇಯತ್ತೆಯ ಪೋರ ಪಾಟಿಯ ಮೇಲೆ 52 ಬರೆದರೆ ‘ದಡ್ಡ’ ಎಂಬ ಬಿರುದು ಅಲ್ಲೇ ಖಾಯಂ! ಆದರೆ ತಪ್ಪು ತಲೆಯದ್ದೋ, ಕಿವಿಯದ್ದೋ?

ಭಟ್ಕಳದ ಎಷ್ಟೋ ಮನೆಗಳಲ್ಲಿ ನವಾಯತಿ, ಉರ್ದು. ಹೊನ್ನಾವರ, ಕುಮಟಾದ ಪೇಟೆಯಲ್ಲಿ, ಖಾರ್ವಿಗಳ ಕೇರಿಯಲ್ಲಿ ಕೊಂಕಣಿ. ಕೊಂಕಣಿಯಲ್ಲಿ ಅದು ‘ಪಂಚವೀಸ’, ಉರ್ದುವಿನಲ್ಲಿ ‘ಪಚ್ಚೀಸ್’. ಅಂದರೆ ಐದು ಮೊದಲು, ಇಪ್ಪತ್ತು ಆಮೇಲೆ. ಕನ್ನಡದಲ್ಲಿ ಇಪ್ಪತ್ತೇ ಮೊದಲು. ಬರೆಯುವ ಅಂಕಿಯೂ ಹಾಗೇ. ಮನೆಯಲ್ಲಿ ಕೇಳಿದ ಕ್ರಮದಲ್ಲಿ ಬರೆದ ಮಗು ಬಿಡಿ–ದಶಕ ಅದಲುಬದಲು ಮಾಡಿದರೆ ಆಶ್ಚರ್ಯವೇನು? ಜರ್ಮನ್ ಭಾಷೆಯಲ್ಲೂ ‘ಐದು ಮತ್ತು ಇಪ್ಪತ್ತು’ ಎಂದೇ ಹೇಳುವುದು. ಅಲ್ಲಿನ ಮಕ್ಕಳೂ ಇದೇ ತಪ್ಪು ಮಾಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಸಣ್ಣ ವಿಷಯ ಅಂತ ಬಿಡುವಂತಿಲ್ಲ. ದಶಕದ ಬೆಲೆ ತಿಳಿಯದ ಮಗುವಿಗೆ 52ರಲ್ಲಿ 27 ಕಳೆ ಎಂದರೆ, ಎರಡರಲ್ಲಿ ಏಳು ಹೋಗದು, ಆದ್ದರಿಂದ ಏಳರಲ್ಲೇ ಎರಡು ಕಳೆದು 35 ಎಂದು ಬರೆದು ಕೈಕಟ್ಟಿ ಕೂರುತ್ತದೆ. ಮುಂದೆ ಭಾಗಾಕಾರ ಬಂದಾಗ ಕೇಳುವುದೇ ಬೇಡ.

ಮದ್ದು ದುಬಾರಿಯಲ್ಲ. ಹತ್ತರ ಎರಡು ನೋಟು, ಒಂದರ ಐದು ನಾಣ್ಯ ಸಾಕು. ಬಾಯಲ್ಲಿ ಯಾವುದನ್ನಾದರೂ ಮೊದಲು ಹೇಳಲಿ. ನೋಟು ಎಡಕ್ಕೆ, ಚಿಲ್ಲರೆ ಬಲಕ್ಕೆ. ಅಂಗಡಿಗೆ ಬೆಲ್ಲ ತರಲು ಬರುವ ಹುಡುಗರು ಚಿಲ್ಲರೆ ಎಣಿಸುವುದನ್ನು ವ್ಯಾಪಾರಸ್ಥರು ಕಂಡವರೇ ಅಲ್ಲವೇ?

ಮೂರನೇ ತರಗತಿಯೊಳಗೆ ಮಕ್ಕಳಿಗೆ ಲೆಕ್ಕ ಬರಬೇಕೆಂದು 2021ರಲ್ಲಿ ಶುರುವಾದ ‘ನಿಪುಣ್ ಭಾರತ್’ ಹಾಕಿಕೊಂಡ ಗಡುವು 2026–27. ಕಾರವಾರ ಶೈಕ್ಷಣಿಕ ಜಿಲ್ಲೆಯ ತರಬೇತಿಯಲ್ಲಿ ಕೊಂಕಣಿ, ಉರ್ದು ಎಣಿಕೆಗೆ ಅರ್ಧ ದಿನ ಇಡಲಿ. ಘಟ್ಟದ ಮೇಲಿಂದ ವರ್ಗವಾಗಿ ಬಂದ ಮಾಸ್ತರರಿಗೆ ‘ಪಂಚವೀಸ’ ಗೊತ್ತಾಗುವುದಾದರೂ ಹೇಗೆ?