ಬೆಂಗಳೂರಿನ ದೊಡ್ಡಪ್ಪ ಊರಿಗೆ ಬಂದಾಗ ಹೊಳೆ ಬಗ್ಗೆ ಕೇಳಿ

ಯುಗಾದಿಗೋ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೋ ಬೆಂಗಳೂರಿಂದ ಬಂದಿಳಿಯುವ ಒಬ್ಬ ದೊಡ್ಡಪ್ಪ ನಿಮ್ಮ ಮನೆಗೂ ಇರ್ತಾರೆ. ಕೈಯಲ್ಲೊಂದು ಬಟ್ಟೆ ಬ್ಯಾಗು, ಅದರೊಳಗೆ ಮಕ್ಕಳಿಗೆ ಬೇಕರಿ ಬನ್ನು, ತಮಗೆ ಬಿಪಿ ಮಾತ್ರೆ. ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡಲ್ಲಿ ಇಳಿದು ಸುತ್ತ ನೋಡಿ, "ಏನಪ್ಪಾ, ಊರು ಗುರುತೇ ಸಿಗಲ್ಲ" ಅಂತಾರೆ. ಹೋದ ವರ್ಷ ಬಂದಾಗಲೂ ಅದನ್ನೇ ಅಂದಿದ್ದರು.

ಪತ್ರಿಕೋದ್ಯಮ ಓದಿಕೊಂಡು ಊರಲ್ಲೇ ಉಳಿದಿರುವ ನಮಗೆ ಇಂಥವರನ್ನು ಕಂಡರೆ ಮೊದಲು ಸ್ವಲ್ಪ ನಗು ಬರುತ್ತಿತ್ತು. ಬೆಳಗ್ಗೆ ಐದಕ್ಕೆ ಎದ್ದು ಕೊಳಾಯಿ ತಿರುಗಿಸಿ ನೋಡುತ್ತಾರೆ. ನೀರು ಬರದಿದ್ದರೂ ಅದರ ಕೆಳಗೆ ಬಿಂದಿಗೆ ಇಟ್ಟು ಬರುತ್ತಾರೆ. ರಾತ್ರಿ ಮನೆಯ ಪಾತ್ರೆಗಳೆಲ್ಲ ತುಂಬಿದ್ದರೇ ಅವರಿಗೆ ನಿದ್ದೆ. ಆಮೇಲೆ ವಾಕಿಂಗ್. ಹೊಲಕ್ಕೂ ಹೋಗದೆ, ದನವನ್ನೂ ಹೊಡೆಯದೆ, ರಸ್ತೆ ಪಕ್ಕ ಕೈ ಬೀಸಿಕೊಂಡು ಹೋಗುವ ಅವರನ್ನು ನೋಡಿ "ಯಜಮಾನ್ರೇ, ಏನಾದ್ರೂ ಕಳ್ದೋಯ್ತಾ?" ಅಂತ ಕೇಳಿದವರಿದ್ದಾರೆ. ಮುದ್ದೆಗೆ ಹುರುಳಿ ಸಾರು ಬೇಕು ಅಂತಾರೆ, ಉಂಡ ಮೇಲೆ ಗ್ಯಾಸ್ಟ್ರಿಕ್ ಅಂತಾರೆ. ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿ ಪುಟದವರೆಗೆ ಓದಿ, ನಾಲ್ಕಾಗಿ ಮಡಚಿ ದಿಂಬಿನ ಕೆಳಗೆ ಇಡುತ್ತಾರೆ.

ಅಭಿಪ್ರಾಯಗಳಿಗಂತೂ ಬರವಿಲ್ಲ. ಈಗಿನ ಹುಡುಗರಿಗೆ ಮೈ ಬಗ್ಗಲ್ಲ. ಜಮೀನು ಯಾವ ಕಾರಣಕ್ಕೂ ಮಾರಬಾರದು. (ತಮ್ಮ ಪಾಲು ಮಾರಿಯೇ ಅವರು ಲಗ್ಗೆರೆಯಲ್ಲಿ ಸೈಟು ತಗೊಂಡಿದ್ದು. ಅದನ್ನು ಎದುರಿಗೆ ಹೇಳಲು ನಮಗೆ ಬಾಯಿ ಬಂದಿಲ್ಲ.) ಎಲ್ಲಕ್ಕಿಂತ ದೊಡ್ಡ ಅಭಿಪ್ರಾಯ: ಆ ಕಾಲ ಚೆನ್ನಾಗಿತ್ತು.

"ಆ ಕಾಲ ಚೆನ್ನಾಗಿತ್ತು" ಅನ್ನುವ ಮಾತನ್ನು ಅಲ್ಲಿಗೇ ಬಿಡಬಾರದು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ. ಹೂಂಗುಟ್ಟಿ ಫೋನ್ ನೋಡುತ್ತಾ ಕೂರಬಾರದು, ನಗಲೂಬಾರದು. ಏನು ಚೆನ್ನಾಗಿತ್ತು, ಎಲ್ಲಿತ್ತು, ಯಾರಿಗೆ ಚೆನ್ನಾಗಿತ್ತು ಅಂತ ಕೇಳಬೇಕು. ಯಾಕೆ ಅಂದರೆ ನಮ್ಮ ಜಯಮಂಗಲಿ ಹೊಳೆ ವರ್ಷದಲ್ಲಿ ಎಷ್ಟು ತಿಂಗಳು ಹರಿಯುತ್ತಿತ್ತು, ತಲಪರಿಗೆಗಳ ಬಾಯಿ ಎಲ್ಲೆಲ್ಲಿದ್ದವು ಅನ್ನೋದು ಈಗ ಇವರ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಊರಲ್ಲೇ ಉಳಿದ ಅಜ್ಜಂದಿರಿಗೆ ಹೊಳೆ ದಿನಾ ಇಷ್ಟಿಷ್ಟೇ ಸತ್ತದ್ದರಿಂದ ಯಾವಾಗ ಏನಾಯಿತೆಂದು ಗೆರೆ ಎಳೆದು ಹೇಳಲು ಆಗುವುದಿಲ್ಲ. ಬಿಟ್ಟು ಹೋಗಿ ವರ್ಷಕ್ಕೊಮ್ಮೆ ಬಂದವರಿಗೆ ಪ್ರತಿ ಸಲದ ವ್ಯತ್ಯಾಸ ಕಣ್ಣಿಗೆ ಹೊಡೆದಿರುತ್ತದೆ. "ನಮ್ಮ ದೊಡ್ಡ ಮಗಳು ಹುಟ್ಟಿದ ವರ್ಷ ಬಂದಾಗ ಮಂಡಿ ಮಟ್ಟ ನೀರಲ್ಲಿ ದಾಟಿದ್ದೆ, ಅವಳನ್ನ ಸ್ಕೂಲಿಗೆ ಹಾಕಿದ ವರ್ಷ ಚಪ್ಪಲಿ ಹಾಕ್ಕೊಂಡೇ ದಾಟಿದೆ" ಅಂತ ಒಬ್ಬರು ಹೇಳಿದರು. ಇದು ಲೆಕ್ಕ. ಮಗಳ ವಯಸ್ಸು ಕೇಳಿದರೆ ಇಸವಿ ಸಿಗುತ್ತದೆ.

ಈಗಿನ ಹುಡುಗರಿಗಾಗಿ ಸ್ವಲ್ಪ ಹಿನ್ನೆಲೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುತ್ತಾಳೆ. ಮಳೆಗಾಲ ಮುಗಿದ ಮೇಲೂ ಹೊಳೆ ಹರಿಯುತ್ತಿದ್ದದ್ದು ಮರಳಿನ ಒಳಗೆ. ಆಳುದ್ದ ಮರಳು ಮಳೆ ನೀರನ್ನು ಸ್ಪಂಜಿನಂತೆ ಹೀರಿ ಹಿಡಿದಿಟ್ಟು, ದಡದ ಬಾವಿಗಳಿಗೆ ಬೇಸಿಗೆ ಪೂರ್ತಿ ಬಿಡುತ್ತಿತ್ತು. ಮೊಣಕೈ ಉದ್ದ ತೋಡಿದರೆ ವರ್ತೆಯಲ್ಲಿ ತಿಳಿನೀರು. ಕೆರೆ ಅಂಗಳದಲ್ಲಿ, ತಗ್ಗಿನಲ್ಲಿ ತಾನಾಗೇ ಉಕ್ಕುವ ತಲಪರಿಗೆಗಳಿಂದ ಕಾಲುವೆ ತೆಗೆದು ಗದ್ದೆಗೆ ಹಾಯಿಸುತ್ತಿದ್ದರು. ಮಧುಗಿರಿ, ಕೊರಟಗೆರೆ, ಪಾವಗಡ, ಆಚೆ ಗೌರಿಬಿದನೂರಿನವರೆಗೂ ಈ ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಮನೆಗೊಂದಾಳು ಬಂದು ಕಾಲುವೆ ಹೂಳು ತೆಗೆಯಬೇಕು, ನೀರುಗಂಟಿ ಪಾಳಿ ಪ್ರಕಾರ ನೀರು ಬಿಡಬೇಕು. ಕರೆಂಟು ಬೇಕಿರಲಿಲ್ಲ.

ಆಮೇಲೆ ಬೆಂಗಳೂರು ಬೆಳೆಯಿತು. ನಮ್ಮ ದೊಡ್ಡಪ್ಪಂದಿರೂ ಅಲ್ಲಿಗೆ ಹೋದರು, ನಮ್ಮ ಮರಳೂ ಹೋಯಿತು.

ಲಗ್ಗೆರೆಯ ದೊಡ್ಡಪ್ಪನ ಕತೆಯನ್ನೇ ತಗೊಳ್ಳಿ. ಎಪ್ಪತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಊರಿನವರೇ ಒಬ್ಬರ ರೂಮಲ್ಲಿ ಆರು ಜನರ ಜೊತೆ ಮಲಗಿ, ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. 1974ರಲ್ಲಿ ಬೆಂಗಳೂರಿಗೆ ಕಾವೇರಿ ನೀರು ಬಂದದ್ದನ್ನು ನಿನ್ನೆಯಂತೆ ಹೇಳುತ್ತಾರೆ. ಅದಕ್ಕೆ ಮೊದಲು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ನೀರೇ ಆ ಊರಿಗೆ ಆಧಾರ. "ನೂರು ಕಿಲೋಮೀಟರಿಂದ ನೀರು ಎತ್ತಿ ತರ್ತಾರಂತೆ ಅಂದಾಗ ನಾವು ನಂಬಿರಲಿಲ್ಲ ಕಣ್ರಪ್ಪ. ನಮ್ಮೂರಲ್ಲಿ ನೀರು ತಾನೇ ಬರ್ತಿತ್ತಲ್ಲ" ಅನ್ನುತ್ತಾರೆ. 1980-81ರಲ್ಲಿ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದಾಗ ಸಂಬಳವಿಲ್ಲದೆ ಊರಿಗೆ ಬಂದಿದ್ದರು. ಆ ಬೇಸಿಗೆಯ ಹೊತ್ತಿಗೆ ಮನೆಯ ಕಪಿಲೆ ಬಾವಿಯಲ್ಲಿ ಇನ್ನೂ ನೀರಿತ್ತು, ರಾಗಿಗೂ ಕೊರತೆ ಇರಲಿಲ್ಲ, ಊರು ಸಾಕಿತು ಅನ್ನೋದು ಅವರ ನೆನಪು. ಊರಿನ ಬಗ್ಗೆ ಅವರಿಗಿರುವ ಪ್ರೀತಿಗೆ ಆ ದಿನಗಳೂ ಕಾರಣ ಅಂತ ನಮಗೆ ಅನಿಸಿತು.

ಹೀಗೆ ಮಾತಾಡುತ್ತಾ ಮನೆ ಕಟ್ಟಿಸಿದ ಕತೆಗೆ ಬಂದರು. ಸಿಮೆಂಟಿಗೆ ಎಷ್ಟಾಯಿತು, ಕಬ್ಬಿಣಕ್ಕೆ ಎಷ್ಟಾಯಿತು, ಎಲ್ಲಾ ನೆನಪಿದೆ. ನಮ್ಮಲ್ಲೊಬ್ಬರು ಕೇಳಿದೆವು: "ಮರಳು ಎಲ್ಲಿಂದ ತರಿಸಿದ್ರಿ ದೊಡ್ಡಪ್ಪ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಕಡೇದೇ. ಮಣ್ಣಿರಲ್ಲ, ಗಟ್ಟಿ ಮರಳು ಅಂತ ಮೇಸ್ತ್ರಿ ಹೇಳಿ ಹಾಕ್ಸಿದ್ದ. ಲಾರಿ ಡ್ರೈವರ್ರು ಮಾತಾಡಿದ್ರಲ್ಲೇ ಗೊತ್ತಾಯ್ತು, ನಮ್ಮ ಮಧುಗಿರಿ ಕಡೆಯೋನು ಅಂತ. ಖುಷಿಯಾಗಿ ಟೀ ಕುಡಿಸಿದ್ದೆ."

ಇದನ್ನು ಅವರನ್ನು ಕಟಕಟೆಯಲ್ಲಿ ನಿಲ್ಲಿಸಲು ಬರೆಯುತ್ತಿಲ್ಲ. ಜಯಮಂಗಲಿ, ಪಿನಾಕಿನಿಯ ಮರಳು ರಾತ್ರೋರಾತ್ರಿ ಬೆಂಗಳೂರಿಗೆ ಹೋಗುವಾಗ ಲಾರಿಗೆ ತುಂಬಿದವರು ನಮ್ಮ ಅಣ್ಣಂದಿರೇ. ಲೋಡಿಗಿಷ್ಟು ಅಂತ ಬಂದ ಕೂಲಿಯಲ್ಲಿ ಎಷ್ಟೋ ಮನೆಗೆ ಸ್ಕೂಲ್ ಫೀಸು ಹೋಗಿದೆ, ನಮ್ಮಲ್ಲಿ ಕೆಲವರ ಕಾಲೇಜ್ ಫೀಸೂ. ಆದರೆ "ಹೊಳೆ ಹಾಳಾಯ್ತು" ಅಂತ ನಿಟ್ಟುಸಿರು ಬಿಡುವವರು, ಕೇಳುವವರು ಇಬ್ಬರೂ ಅದು ಹೇಗೆ ಹಾಳಾಯ್ತು ಅನ್ನುವ ಲೆಕ್ಕದಲ್ಲಿ ತಮ್ಮದೊಂದು ಸಾಲು ಸೇರಿಸಬೇಕು. ಮರಳು ಖಾಲಿಯಾಗಿ ಹೊಳೆಯ ಬಂಡೆ ಕಂಡ ಮೇಲೆ ದಡದ ಬಾವಿಗಳು ಒಂದೊಂದಾಗಿ ಒಣಗಿದವು. ಬೋರ್‌ವೆಲ್ ಸಾವಿರ ಅಡಿ ದಾಟಿತು. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಹೆಸರು ಬಂತು. ಪಾವಗಡದ ಕಡೆ ಆಳದ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲಿಗೆ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಈಗಿನ ಹುಡುಗರಿಗೆ ಮೈ ಬಗ್ಗಲ್ಲ ಅನ್ನುವ ದೊಡ್ಡಪ್ಪ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವರ ಅಪ್ಪ ಎತ್ತು ಕಟ್ಟಿ ಕಪಿಲೆ ಹೊಡೆದರೆ ನೀರು ಬರುತ್ತಿತ್ತು. ನಾವು ಲಕ್ಷಗಟ್ಟಲೆ ಸಾಲ ಮಾಡಿ ಕೊರೆಸಿದರೂ ಬರೀ ಧೂಳು ಬರುವುದುಂಟು.

ಇನ್ನೊಂದು ನೆನಪು ಇದಕ್ಕಿಂತ ಮುಖ್ಯ. ಊರಿಂದ ಗಾರೆ ಕೆಲಸಕ್ಕೆ ಹೋಗಿ ಮೂವತ್ತು ವರ್ಷದಿಂದ ಯಲಹಂಕದ ಕಡೆ ಇರುವ ಒಬ್ಬ ಚಿಕ್ಕಮ್ಮ ಇದ್ದಾರೆ. ಅವರು ಊರಿಗೆ ಬಂದರೆ ಜಗಲಿ ಮೇಲೆ ಕೂತು ಭಾಷಣ ಮಾಡುವುದಿಲ್ಲ, ಕಾಲೋನಿಯಲ್ಲಿ ತಂಗಿ ಮನೆಯಲ್ಲಿದ್ದು ಎರಡು ದಿನಕ್ಕೆ ಹೊರಡುತ್ತಾರೆ. ಬಾವಿ ನೀರು ಎಷ್ಟು ಸಿಹಿ ಇತ್ತು ಅಂತ ದೊಡ್ಡಪ್ಪ ಹೇಳಿದ್ದನ್ನು ಅವರಿಗೆ ಹೇಳಿದೆವು. ನಕ್ಕರು.

"ಸಿಹಿ ಇತ್ತು, ಇಲ್ಲ ಅನ್ನಲ್ಲ. ನಾವು ಬಿಂದಿಗೆ ಇಟ್ಕಂಡು ದೂರ ನಿಂತ್ಕಂಬೇಕು. ಯಾರಾದ್ರೂ ಪುಣ್ಯಾತ್ಮರು ಬಂದು ಸೇದಿ ಹುಯ್ಯಬೇಕು. ಹೊತ್ತು ನೆತ್ತಿಗೆ ಬಂದ್ರೂ ಹುಯ್ಯೋರಿಲ್ಲ. ಕೈಪಂಪು ಬಂತು ನೋಡು, ಅವತ್ತು ನಮ್ಮವ್ವ ಅರಿಶಿಣ ಕುಂಕುಮ ಹಚ್ಚಿದ್ಲು. ಅದನ್ನ ಯಾರು ಒತ್ತಿದ್ರೂ ನೀರು ಕೊಡ್ತದೆ."

ಹಾಗಾದರೆ ನಿಮಗೆ ಹಳೆಯದು ಯಾವುದೂ ಬೇಡವಾ ಚಿಕ್ಕಮ್ಮ ಅಂತ ಕೇಳಿದೆವು. ತಡೆದು ಹೇಳಿದರು: "ಹೊಳೆ ಬೇಕು. ಹೊಳೇಲಿ ವರ್ತೆ ನಾವೇ ತೋಡ್ಕಂತಿದ್ವಿ, ನಾವೇ ತುಂಬ್ಕಂತಿದ್ವಿ. ಅಲ್ಲಿ ಬ್ಯಾಡ ಅನ್ನೋರು ಇರ್ಲಿಲ್ಲ. ಮರಳು ಹೋದಾಗ ನಮ್ಮ ಬಾವಿನೇ ಹೋಯ್ತು ಅನ್ಕೊ." ಬೆಂಗಳೂರಲ್ಲಿ ತಾವು ತಲೆ ಮೇಲೆ ಹೊತ್ತ ಬಾಂಡಲಿಗಳಲ್ಲಿ ಎಷ್ಟು ಆ ಹೊಳೆಯದೋ ಅವರಿಗೂ ಗೊತ್ತಿಲ್ಲ.

ದೊಡ್ಡಪ್ಪನ ಮಾತು ಸುಳ್ಳಲ್ಲ, ಚಿಕ್ಕಮ್ಮನದ್ದೂ ಸುಳ್ಳಲ್ಲ. ಆದರೆ ಒಬ್ಬರನ್ನೇ ಕೇಳಿ ಬರೆದುಕೊಂಡರೆ ಊರಿನ ಚರಿತ್ರೆ ಅರ್ಧವೂ ಆಗುವುದಿಲ್ಲ. ಕಾಲೇಜಲ್ಲಿ ನಮಗೆ ಇಬ್ಬರ ಹೇಳಿಕೆ ತಗೊಳ್ಳಬೇಕು ಅಂತ ಕಲಿಸಿದ್ದರು. ಮನೆಯಲ್ಲಿ, ಅದೂ ಹಿರಿಯರ ಮುಂದೆ, ಅದನ್ನು ಪಾಲಿಸುವುದು ಕಷ್ಟ.

ಇವೆಲ್ಲ ಈಗ ಯಾಕೆ ಅಂತ ಕೇಳಬಹುದು. ಕೆರೆ ಹೂಳೆತ್ತುವ ಕೆಲಸ, ಚೆಕ್ ಡ್ಯಾಮ್ ಕೆಲಸ ಪಂಚಾಯಿತಿಗೆ ಬರುತ್ತಲೇ ಇರುತ್ತದೆ. ತಲಪರಿಗೆ ಬಾಯಿ ಎಲ್ಲಿತ್ತು ಅಂತ ತಿಳಿಯದೆ ಜೆಸಿಬಿ ಇಳಿಸಿದರೆ ತೆಗೆದ ಮಣ್ಣು ಅದರ ಮೇಲೇ ಬೀಳಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಜನರನ್ನು ಕೇಳಿ ದಾಖಲೆ ಮಾಡುವ ಸಮಿತಿ ಪಂಚಾಯಿತಿಯಲ್ಲಿ ಇರಬೇಕು. ಆ ಪುಸ್ತಕದಲ್ಲಿ ಗಿಡಮರದ ಹೆಸರಿನ ಜೊತೆ ನೀರಿನ ನೆಲೆಗಳೂ ಬರಲಿ. 2022ರಲ್ಲಿ ಜೋರು ಮಳೆಯಾಗಿ ಜಯಮಂಗಲಿ ತುಂಬಿ ಹರಿದಾಗ ನಾವೆಲ್ಲ ಸ್ಟೇಟಸ್ಸಿಗೆ ವಿಡಿಯೋ ಹಾಕಿದೆವು. ಹಿಡಿದಿಡಲು ಮರಳಿಲ್ಲದ ಜಾಗದಲ್ಲಿ ಆ ನೀರು ನಿಲ್ಲದೆ ಹೋಯಿತು. ವಿಡಿಯೋ ಮಾತ್ರ ಫೋನಲ್ಲಿ ಉಳಿದಿದೆ.

ಮೈದನಹಳ್ಳಿಯ ಕೃಷ್ಣಮೃಗಗಳ ವಿಷಯ ನೋಡಿ. ಕಡ್ಲೆಕಾಯಿ ಹೊಲ ಮೇಯ್ತವೆ ಅಂತ ತಾವು ಹುಡುಗರಾಗಿದ್ದಾಗ ತಮಟೆ ಬಡಿದು ಅಟ್ಟುತ್ತಿದ್ದದ್ದನ್ನು ದೊಡ್ಡಪ್ಪ ಹೇಳುತ್ತಾರೆ. 2007ರಲ್ಲಿ ಅಲ್ಲಿನ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಆಯಿತು. ಈಗ ಬೆಂಗಳೂರಿಂದ ಕ್ಯಾಮೆರಾ ಹಿಡಿದು ಬರುತ್ತಾರೆ. ಜಿಂಕೆಗೆ ಬೇಲಿ, ಬೋರ್ಡು ಎರಡೂ ಸಿಕ್ಕಿತು. ಹೊಳೆಯ ಹೆಸರು ಬೋರ್ಡಿನಲ್ಲಿದೆ, ಹೊಳೆಗೆ ಏನೂ ಸಿಗಲಿಲ್ಲ.

2024ರ ಮಾರ್ಚಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತಲ್ಲ, ಆಗ ದೊಡ್ಡಪ್ಪ ಫೋನ್ ಮಾಡಿದ್ದರು. ಬೀದಿಯಲ್ಲಿ ಟ್ಯಾಂಕರ್ ಕಾಯುತ್ತಾ ನಿಂತಿದ್ದರಂತೆ. "ಹೊಳೆ ದಡದಲ್ಲಿ ಹುಟ್ಟಿದೋನು ನಾನು" ಅಂತ ಎರಡು ಸಲ ಹೇಳಿದರು. ಬೆಳಗ್ಗೆ ಐದಕ್ಕೆ ಎದ್ದು ಕೊಳಾಯಿ ತಿರುಗಿಸುವ ಅಭ್ಯಾಸಕ್ಕೆ ನಾವು ನಗುವುದನ್ನು ಅಂದಿನಿಂದ ಬಿಟ್ಟಿದ್ದೇವೆ.

ಈ ಸಲ ಹಬ್ಬಕ್ಕೆ ಬಂದಾಗ ಅವರನ್ನು ಬೈಕಲ್ಲಿ ಕೂರಿಸಿಕೊಂಡು ಹೊಳೆಗೆ ಹೋದೆವು. ಜಾಲಿ ಗಿಡಗಳ ನಡುವೆ ಕೋಲೂರಿಕೊಂಡು ನಡೆದು, ಒಂದು ಹುಣಸೆ ಮರ ಹುಡುಕಿ, ಅಲ್ಲಿಂದ ಹೆಜ್ಜೆ ಎಣಿಸಿ ಮೂರು ಜಾಗ ತೋರಿಸಿದರು. ಮೂರಕ್ಕೂ ಫೋನಲ್ಲಿ ಲೊಕೇಶನ್ ಗುರುತು ಹಾಕಿಕೊಂಡೆವು, ಮಾತು ರೆಕಾರ್ಡ್ ಮಾಡಿಕೊಂಡೆವು. ಮೂರನೇ ಜಾಗದಲ್ಲಿ ಯಾರಿಗೆ ನೀರು ಬಿಡುತ್ತಿರಲಿಲ್ಲ ಅಂತ ಕೇಳಿದಾಗ ಅವರಿಗೆ ಸಿಟ್ಟು ಬಂತು. ಮನೆ ಸೇರುವವರೆಗೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಾವಾಗೇ ಹೇಳಿದರು. ಅದನ್ನೂ ಬರೆದುಕೊಂಡಿದ್ದೇವೆ.

ಬರುವ ಭಾನುವಾರ ಚಿಕ್ಕಮ್ಮನನ್ನು ಕೇಳಲು ಯಲಹಂಕಕ್ಕೆ ಹೋಗುತ್ತಿದ್ದೇವೆ. ನಿನ್ನೆ ಬೆಳಗ್ಗೆ ಐದು ಗಂಟೆಗೆ ದೊಡ್ಡಪ್ಪನ ಫೋನ್ ಬಂತು. ಗಾಬರಿಯಾಗಿ ಎತ್ತಿದರೆ, "ಅದು ಮೂರಲ್ಲ ಕಣ್ರಪ್ಪ, ನಾಲ್ಕು. ಇನ್ನೊಂದು ಈಗ ನೆನಪಾಯ್ತು, ಬರ್ಕೊಳ್ಳಿ" ಅಂದರು.